ಏಳನೇ ನಂಬರು ಬಿಸಿಯಾಗುವ ತನಕ

"ಕೈ ತೆಗಿಯೋ ರಾಜೇಂದ್ರ! ಆ ಸ್ವಿಚ್ಚು ಮುಟ್ಟಿದ್ರೆ ಚೆನ್ನಾಗಿರಲ್ಲ ನೋಡು."

ಅವನು ಗೋಡೆಯ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಎಳೆದುಕೊಂಡು ಹಲ್ಲು ಬಿಟ್ಟ. ಆ ಹಲ್ಲು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಎಸಿ ಹಾಕೋಣ ಅಂತ ಹೋದೆ ಆಂಟಿ. ನಿಮಗೇ ಬೆವರು ಇಳೀತಾ ಇದೆ."

"ನನ್ನ ಬೆವರು ಒರೆಸ್ಕೊಳ್ಳೋಕೆ ನನಗೆ ಸೆರಗಿದೆ. ಎಸಿ ಬೇಡ, ಫ್ಯಾನೂ ಬೇಡ. ಈ ಎರಡು ಡಬ್ಬ ಚೆನ್ನಾಗಿ ಬಿಸಿಯಾಗ್ಲಿ ಅಂತಾನೇ ನಾವಿಲ್ಲಿ ಬಂದು ಕೂತಿರೋದು."

"ಡಬ್ಬ ಅಲ್ಲ ಆಂಟಿ, ಕ್ಯಾಬಿನೆಟ್ಟು," ಎಂದಳು ಪ್ರಭಾ, ಕೀಬೋರ್ಡಿನಿಂದ ಕಣ್ಣೆತ್ತದೆ.

ಮಾರ್ಚ್ ತಿಂಗಳ ಭಾನುವಾರದ ಮಧ್ಯಾಹ್ನ. ವಿಜಯನಗರದ ರಾಜೇಂದ್ರನ ಗೇಮ್ ಸೆಂಟರಿನ ಶಟರು ಅರ್ಧ ಇಳಿದಿತ್ತು. ಒಳಗೆ ಸಾಲಾಗಿ ಕಂಪ್ಯೂಟರುಗಳು. ಆರನೆಯದು, ಏಳನೆಯದು ಬಿಟ್ಟು ಮಿಕ್ಕವೆಲ್ಲ ಆಫ್. ಸಂಕ್ರಾಂತಿಯ ವಾರ ಇವನ ಗಿರಾಕಿ ಶಿವಯೋಗಿಯ ಕೊಲೆಯಾಯಿತು, ಇಲ್ಲಿಯ ಮೆಕ್ಯಾನಿಕ್ ಫಕೀರೇಶ ಜೈಲು ಸೇರಿದ, ನಾಳೆ ಅವನ ಮೇಲಿನ ಚಾರ್ಜ್‌ಶೀಟು ಕೋರ್ಟಿಗೆ ಹೋಗುತ್ತದೆ. ಆ ಹುಡುಗನ ಪರವಾಗಿ ಮಾತಾಡಬಲ್ಲದ್ದು ಈ ಊರಿನಲ್ಲಿ ಒಂದೇ ಒಂದು ಉಳಿದಿತ್ತು, ಈ ಏಳನೇ ನಂಬರಿನ ಕಂಪ್ಯೂಟರು.

ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಉಗ್ರಪ್ಪನವರು ಕೂತಿದ್ದರು. ಉಗ್ರ ಅನ್ನುವುದು ಆ ಮನುಷ್ಯನ ಹೆಸರಿನಲ್ಲಿ ಮಾತ್ರ ಇದೆ. ನಾನು ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಕಾಲದ ಪರಿಚಯ. ಖಾಕಿ ಬಿಚ್ಚಿಟ್ಟು ರಾಜಾಜಿನಗರದಲ್ಲಿ ಪತ್ತೇದಾರಿ ಬೋರ್ಡು ತೂಗುಹಾಕಿದ ಮೇಲೂ ಆ ವಿಶ್ವಾಸ ಹಾಗೇ ಉಳಿದಿದೆ. ಇಲ್ಲದಿದ್ದರೆ ಭಾನುವಾರದ ಊಟ ಬಿಟ್ಟು ಯಾರು ಬರುತ್ತಾರೆ?

"ಶಶಿಕಲಾ ಅವರೇ, ಇದೊಂದು ಸಲ," ಎಂದಿದ್ದರು ಬರುವಾಗಲೇ. "ನೀವು ಹೇಳಿದ್ದು ಸರಿ ಬಂತು ಅಂದ್ರೆ ಚಾರ್ಜ್‌ಶೀಟು ತಡೀತೀನಿ, ಮೇಲಿನವರ ಹತ್ರ ಬೈಸ್ಕೋತೀನಿ. ಬರ್ಲಿಲ್ಲ ಅಂದ್ರೆ ಮತ್ತೆ ಆ ಹುಡುಗನ ಹೆಸರು ನನ್ನ ಮುಂದೆ ಎತ್ತಬಾರದು."

ಮೂಲೆಯಲ್ಲಿ, ಪೊರಕೆಯ ಪಕ್ಕ, ನೆಲದ ಮೇಲೆ ಗುರವ್ವ. ಫಕೀರೇಶನ ತಾಯಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಬೆಟಗೇರಿಯಲ್ಲಿ ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು ಈ ಒಬ್ಬ ಮಗನನ್ನು ಸಾಕಿದವಳು. ಅವನ ಬೆನ್ನಿಗೇ ಬೆಂಗಳೂರಿಗೆ ಬಂದು, ಕೆಂಗೇರಿಯಲ್ಲಿ ಶೀಟಿನ ಮನೆ ಹಿಡಿದು, ಮಗ ಮೆಕ್ಯಾನಿಕ್ ಆಗಿದ್ದ ಇದೇ ಸೆಂಟರಿನಲ್ಲಿ ಬೆಳಗಿನ ಹೊತ್ತು ಕಸ ಗುಡಿಸುತ್ತಾಳೆ. ಕೆಂಗೇರಿ ಮತ್ತು ವಿಜಯನಗರ ಬಿಟ್ಟರೆ ಅವಳಿಗೆ ಬೆಂಗಳೂರೇ ಗೊತ್ತಿಲ್ಲ. 'ನಾಗರಬಾವಿ ಯಾವ ದಿಕ್ಕಿಗೈತೋ ಯಾಂವ ಬಲ್ಲ' ಎಂದು ಮೊದಲ ದಿನವೇ ನನ್ನ ಮುಂದೆ ಅತ್ತಿದ್ದಳು. ಮಗ ಜೈಲಿಗೆ ಹೋದ ಮೇಲೂ ಇಲ್ಲಿಯ ಕೆಲಸ ಬಿಟ್ಟಿಲ್ಲ.

"ಅಕ್ಕಾರ," ಎಂದಳು ಮೆಲ್ಲಗೆ, "ಈ ಮಿಷಿನ್ ಹೇಳತೈತೇನ್ರಿ, ನನ್ನ ಮಗಾ ಖೂನಿ ಮಾಡಿಲ್ಲಂತ?"

"ಹೇಳುತ್ತೆ ಗುರವ್ವ. ಸುಮ್ನೆ ಕೂತು ನೋಡು."

ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ.

ಗ್ರಾಫಿಕ್ಸ್ ಕಾರ್ಡು ಅಂದರೇನು ಎಂದು ಸಂಕ್ರಾಂತಿಗೆ ಮುಂಚೆ ಯಾರಾದರೂ ಕೇಳಿದ್ದರೆ, ಯಾರ ಮನೆ ಮದುವೆಯದು ಎನ್ನುತ್ತಿದ್ದೆ. ಈಗ ಪ್ರಭಾಳ ದಯದಿಂದ ಕಲಿತಿದ್ದೇನೆ. ಅಂಗೈಗಿಂತ ತುಸು ಉದ್ದದ ಹಲಗೆ, ಅದರ ಮೇಲೊಂದು ಪುಟ್ಟ ಫ್ಯಾನು. ಆಟದ ಚಿತ್ರಗಳನ್ನೆಲ್ಲ ಬಿಡಿಸುವುದು ಅದೇ. ಸೆಕೆಂಡಿಗೆ ತೊಂಬತ್ತು ಚಿತ್ರ ಬಿಡಿಸಿದರೆ ಆಟ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಇಪ್ಪತ್ತು ಮೂವತ್ತಕ್ಕೆ ಇಳಿದರೆ ಕುಂಟುತ್ತದೆ; ಶತ್ರು ಎದುರಿಗೆ ಬಂದು ಗುಂಡು ಹೊಡೆದು ಹೋದ ಮೇಲೆ ನಮಗೆ ಕಾಣುತ್ತಾನೆ.

ಈ ಕೇಸು ನಿಂತಿರುವುದೇ ಅಂಥ ಎರಡು ಕಾರ್ಡುಗಳ ಮೇಲೆ. ಎರಡೂ ಒಂದೇ ಕಂಪನಿ, ಒಂದೇ ಮಾದರಿ, ಬಿಲ್ಲಿಲ್ಲದ ಮಾಲು. ಎರಡನ್ನೂ ತರಿಸಿದವನು ರಾಜೇಂದ್ರ, ಎರಡರ ಸ್ಟಿಕರೂ ಕಿತ್ತಿದ್ದವನು ಅವನೇ. ಒಂದು ಇಲ್ಲಿ ಏಳನೇ ನಂಬರಿನೊಳಗೆ ಇತ್ತು. ಇನ್ನೊಂದನ್ನು ಶಿವಯೋಗಿ ಕೊಂಡಿದ್ದ. ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಲಾ ಓದುತ್ತಿದ್ದ ಹುಡುಗ, ಆಟದ ಹುಚ್ಚ. ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗುವ ಟೆರೇಸಿನ ರೂಮು ಅವನದು. ಅಲ್ಲಿ ಅವನು ತಲೆ ಒಡೆದು ಸತ್ತುಬಿದ್ದಾಗ ಅವನ ಕಂಪ್ಯೂಟರಿನ ಕಾರ್ಡು ಕಾಣೆಯಾಗಿತ್ತು. ಮಾರನೇ ದಿನ ಫಕೀರೇಶನ ಚೀಲದಲ್ಲಿ ಅಂಥದ್ದೇ ಕಾರ್ಡು ಸಿಕ್ಕಿತು.

ಪೊಲೀಸರ ಲೆಕ್ಕ ಸುಲಭ. ಚೀಲದಲ್ಲಿದ್ದದ್ದು ಸತ್ತವನ ಕಾರ್ಡು, ಆದ್ದರಿಂದ ಚೀಲದವನೇ ಕೊಲೆಗಾರ. ಫಕೀರೇಶ ಹೇಳುವುದು ಬೇರೆ. ಅದು ಏಳನೇ ನಂಬರಿನ ಹಳೇ ಕಾರ್ಡು, ಮನೆಗೆ ಒಯ್ದು ರಿಪೇರಿ ಮಾಡು ಎಂದು ರಾಜೇಂದ್ರನೇ ಕಿತ್ತು ಕೊಟ್ಟದ್ದು. ಅದು ನಿಜವಾದರೆ, ಈಗ ಏಳನೇ ನಂಬರಿನೊಳಗೆ ಕೂತಿರುವುದು ಸತ್ತವನ ಕಾರ್ಡು. ಅದನ್ನು ತಂದು ಅಲ್ಲಿ ಕೂರಿಸಿದವನು ರಾಜೇಂದ್ರನಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿಲ್ಲ.

ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಹೇಗೆ? ಅದನ್ನು ಜೈಲಿನ ಜಾಲರಿಯ ಆಚೆಯಿಂದ ಫಕೀರೇಶ ಹೇಳಿದ್ದ.

"ಆಯುಧ ಪೂಜಾದಾಗ ಮಂದಿ ಡಬ್ಬಿಗೆ ಕುಂಕುಮ ಹಚ್ತಾರ್ರಿ ಮೇಡಂ. ದುಡಿಯೂದು ಡಬ್ಬಿ ಅಲ್ಲಲ್ರಿ, ಒಳಗಿನ ಕಾರ್ಡು. ಅದಕ್ಕ ನಾ ಅದರ ಫ್ಯಾನಿಗೇ ಹಸೀ ಇಬತ್ತಿ ಬಳದಿದ್ದೆ. ಅದು ಒಣಗಿ ಒಳಗ ಇಳದು ಕೂತಬಿಡ್ತು. ಬಿಸಿ ಆತಂದ್ರ ಫ್ಯಾನು ನಿಂತಬಿಡ್ತೈತ್ರಿ."

ಇಬತ್ತಿ ಅಂದರೆ ವಿಭೂತಿ. ಫ್ಯಾನು ನಿಂತರೆ ಕಾರ್ಡು ಕಾದು, ಚಿತ್ರ ಬಿಡಿಸುವುದು ನಿಧಾನವಾಗುತ್ತದೆ. ಆ ಪೂಜೆಯಾದಾಗಿನಿಂದ ಏಳನೇ ನಂಬರು ಆಟದ ಮೊದಲಿಗೆ ಕುದುರೆ, ಸ್ವಲ್ಪ ಹೊತ್ತಾದರೆ ಕುಂಟು ಕತ್ತೆ. ಇಲ್ಲಿಗೆ ಬರುವ ಹುಡುಗರು ಅದಕ್ಕೆ ಸರ್ಕಾರಿ ಆಫೀಸು ಎಂದೇ ಹೆಸರಿಟ್ಟಿದ್ದರಂತೆ, ಊಟವಾದ ಮೇಲೆ ಕೆಲಸ ಮಾಡಲ್ಲ ಎಂದು.

ಚೀಲದ ಕಾರ್ಡಿನಲ್ಲಿ ವಿಭೂತಿ ಇದೆಯಾ ಎಂದು ನೋಡಿದರೆ ಮುಗಿಯಿತಲ್ಲ ಎನ್ನುತ್ತೀರಿ. ನಾನೂ ಹಾಗೇ ಓಡಿದ್ದೆ. ಅದು ಯಾವ ಮಾದರಿ ಎಂದು ಕೇಳಲು ಪೊಲೀಸರು ಅದನ್ನು ಒಬ್ಬ ಅಂಗಡಿಯವನ ಕೈಗೆ ಕೊಟ್ಟಿದ್ದರು. ಕೊಳೆ ಹಿಡಿದ ಕಾರ್ಡು ಕೈಗೆ ಬಂದರೆ ಯಾವ ಅಂಗಡಿಯವನೂ ಮೊದಲು ಮಾಡುವ ಕೆಲಸವನ್ನೇ ಅವನೂ ಮಾಡಿದ್ದ. ಬ್ರಶ್ಶು ಹಾಕಿ, ಬ್ಲೋವರ್ ಹಿಡಿದು, ಸ್ಪಿರಿಟ್ಟಿನಲ್ಲಿ ಒರೆಸಿ, ಫ್ಯಾನಿಗೆ ಎಣ್ಣೆ ಬಿಟ್ಟು, ಫಳಫಳ ಮಾಡಿ ಕಳಿಸಿದ್ದ. ಒಳ್ಳೇ ಕೆಲಸಗಾರ, ಅವನ ಮನೆ ಹಾಳಾಗ.

ಹೀಗಾಗಿ ಉಳಿದದ್ದು ಏಳನೇ ನಂಬರು. ಫಕೀರೇಶ ಹೇಳಿದ್ದು ನಿಜವಾದರೆ ಇದು ಈಗ ಎಷ್ಟು ಬಿಸಿಯಾದರೂ ಕುಂಟಬಾರದು. ವಿಭೂತಿಯ ವಿಷಯ ಉಗ್ರಪ್ಪನವರಿಗೆ, ಪ್ರಭಾಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಗುರವ್ವನಿಗೂ ಹೇಳಿರಲಿಲ್ಲ. ಹೆತ್ತ ಕರುಳು ಯಾರ ಮುಂದೆ ಏನು ಬಾಯಿ ಬಿಡುತ್ತದೋ ಎಂಬ ಭಯ.

"ಶುರು ಮಾಡ್ಲಾ ಆಂಟಿ?"

ಪ್ರಭಾ ಅತ್ತಿಗುಪ್ಪೆಯ ಹುಡುಗಿ, ಇಂಜಿನಿಯರಿಂಗ್ ಓದುತ್ತಾಳೆ, ಶಿವಯೋಗಿಯ ತಂಡದಲ್ಲಿ ಆಡುತ್ತಿದ್ದವಳು. ಪಂದ್ಯಕ್ಕೆ ಮುಂಚೆ ಇವರಲ್ಲಿ ಒಂದು ಪದ್ಧತಿಯಿದೆ. ಮೊದಲೇ ರೆಕಾರ್ಡು ಮಾಡಿಟ್ಟ ಆಟದ ಒಂದು ತುಣುಕನ್ನು ಎರಡೂ ತಂಡದ ಕಂಪ್ಯೂಟರುಗಳಲ್ಲಿ ಒಟ್ಟಿಗೆ ಓಡಿಸಿ, ಮೂಲೆಯಲ್ಲಿ ಬರುವ ಅಂಕಿಯನ್ನು ಹೋಲಿಸುತ್ತಾರೆ. ನಿನ್ನ ಯಂತ್ರ ಜೋರಿತ್ತು, ನನ್ನದು ಸೋತಿತ್ತು ಎಂದು ಆಮೇಲೆ ತಕರಾರು ಬರಬಾರದಲ್ಲ. ಸಮ ನೋಡೋದು ಎನ್ನುತ್ತಾರೆ ಅದಕ್ಕೆ.

"ಶುರು ಮಾಡಮ್ಮ," ಎಂದೆ.

ಎರಡೂ ಪರದೆಗಳ ಮೇಲೆ ಒಂದೇ ಓಣಿ, ಒಂದೇ ಗೋಡೆ, ಒಂದೇ ಬಂದೂಕು. ಮೂಲೆಯಲ್ಲಿ ಹಳದಿ ಅಂಕಿ. ಆರನೆಯದರಲ್ಲಿ ನಲವತ್ತೊಂದು. ಏಳನೆಯದರಲ್ಲಿ ತೊಂಬತ್ತೆರಡು.

"ಆರನೇದು ಚಿಕ್ಕ ಕಾರ್ಡು ಸಾರ್, ಫ್ಯಾನೇ ಇಲ್ಲ," ಪ್ರಭಾ ಉಗ್ರಪ್ಪನವರಿಗೆ ವಿವರಿಸಿದಳು. "ಬಿಸಿಯಾದ್ರೂ ಅಷ್ಟೆ, ತಣ್ಣಗಿದ್ರೂ ಅಷ್ಟೆ. ಏಳನ್ನ ನೋಡ್ತಿರಿ. ಇದು ಸೆಂಟರಿನ ಹಳೇ ಕಾರ್ಡೇ ಆಗಿದ್ರೆ ಒಂದು ಆಟ ಮುಗಿಯೋ ಹೊತ್ತಿಗೆ ಮೂವತ್ತಕ್ಕೆ ಬೀಳುತ್ತೆ."

"ಬೀಳದಿದ್ರೆ?"

"ಬೀಳದಿದ್ರೆ ಅದು ನಮ್ಮ ಶಿವಯೋಗೀದು." ಹುಡುಗಿ ಮುಖ ತಿರುಗಿಸಿಕೊಂಡಳು.

ರಾಜೇಂದ್ರನ ನಗು ಮಾಯವಾಯಿತು. "ಏನ್ ಸಾರ್ ಇದೆಲ್ಲಾ? ಗೇಮ್ ಆಡ್ಕೊಂಡು ಮರ್ಡರ್ ಕೇಸ್ ಬಿಡಿಸ್ತಾರಾ ಯಾರಾದ್ರೂ?"

"ಸುಮ್ನೆ ನಿಂತ್ಕೊಳಪ್ಪ. ನಿನ್ನ ದುಡ್ಡೇನೂ ಖರ್ಚಾಗ್ತಿಲ್ಲ," ಎಂದರು ಉಗ್ರಪ್ಪನವರು.

ನಾನು ಎದ್ದು ಅವನ ಎದುರಿಗೇ ನಿಂತೆ. "ಫಕೀರೇಶ ಹೋದ ಮೇಲೆ ಏಳನೇ ನಂಬರಲ್ಲಿ ಒಬ್ಬ ಗಿರಾಕೀನೂ ಕೂರಿಸಿಲ್ಲ ನೀನು. ಯಾಕೆ?"

"ಮೆಕ್ಯಾನಿಕ್ ಇಲ್ವಲ್ಲ ಆಂಟಿ. ಕೆಟ್ರೆ ಯಾರು ನೋಡ್ತಾರೆ?"

"ನಿನ್ನ ಹತ್ರ ಇರೋದ್ರಲ್ಲಿ ಜೋರಾಗಿರೋದು ಅದೊಂದೇ. ಅದನ್ನ ಪೂಜೆಗೆ ಇಟ್ಟಿದ್ಯಾ?"

"ನನ್ನ ಅಂಗಡಿ, ನನ್ನಿಷ್ಟ."

"ಆಯ್ತು ರಾಜ. ಇನ್ನೊಂದು ಹೇಳು. ಗೇಮಿಂಗ್ ಪಿಸಿ ಅಂತ ನಾಗರಬಾವಿ ಹುಡುಗರಿಗೆಲ್ಲ ಕಟ್ಟಿ ಕೊಟ್ಯಲ್ಲ, ಅದರೊಳಗೆ ಯಾವ ಕಾರ್ಡು ಹಾಕ್ದೆ?"

"ಏಳನೇ ನಂಬರಿನ ಥರದ್ದೇ. ಬೇಕಾದ್ರೆ ಸ್ಟಿಕರ್ ನೋಡಿ ಹೋಗಿ."

"ನೋಡ್ದೆ ಕಣೋ. ಸ್ಟಿಕರ್ ಏಳನೇ ನಂಬರಿಂದು, ಕಾರ್ಡು ಆರನೇ ನಂಬರಿಂದು. ಅದಕ್ಕೇ ತಾನೇ ಒಳ್ಳೇ ಕಾರ್ಡುಗಳ ಸ್ಟಿಕರ್ ಕಿತ್ತು ನಕಲು ಮಾಡ್ಸಿದ್ದು? ಶಿವಯೋಗಿ ಒಂದೊಂದೇ ರೂಮಿಗೆ ಹೋಗಿ ಎಲ್ಲರದ್ದೂ ಸಮ ನೋಡಿದ. ಎಲ್ಲರದ್ದೂ ನಲವತ್ತು, ನಲವತ್ತೊಂದು. ಅವನದ್ದು ಮಾತ್ರ ತೊಂಬತ್ತರ ಮೇಲೆ. ಇಂಟರ್‌ನೆಟ್ಟಲ್ಲಿ ಬರೆದು ಹಾಕ್ತೀನಿ, ನಿನ್ನ ಅಂಗಡಿಗೆ ನಾಯೀನೂ ಬರದ ಹಾಗೆ ಮಾಡ್ತೀನಿ ಅಂದಿದ್ದ. ಹೌದೋ ಅಲ್ವೋ?"

ರಾಜೇಂದ್ರನ ಕಣ್ಣು ಹಳದಿ ಅಂಕಿಗೆ ಅಂಟಿಕೊಂಡಿತ್ತು. ತೊಂಬತ್ತು. ತೊಂಬತ್ತೊಂದು. ತೊಂಬತ್ತು. ಅವನ ಕುತ್ತಿಗೆಯಿಂದ ಬೆವರು ಶರ್ಟಿನೊಳಗೆ ಇಳಿಯುತ್ತಿತ್ತು.

ಒಂದು ಆಟ ಮುಗಿಯಿತು. ಪ್ರಭಾ ಮತ್ತೆ ಓಡಿಸಿದಳು. ತೊಂಬತ್ತು.

ಅಯ್ಯೋ ದೇವರೇ, ಹೀಗೇ ಇರಲಪ್ಪಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಉಗ್ರಪ್ಪನವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಗುರವ್ವನಿಗೆ ಅಂಕಿ ಅರ್ಥವಾಗದು, ಆದರೆ ನಮ್ಮ ಮುಖಗಳನ್ನು ಓದುತ್ತಿದ್ದಳು. ಮೊದಲ ಸಲ ಅವಳ ತುಟಿಯ ಮೇಲೆ ಒಂದು ಸಣ್ಣ ನಗು ನೋಡಿದೆ.

ಪ್ರಭಾ ಕಿವಿಯ ಹೆಡ್‌ಫೋನನ್ನು ತೆಗೆದು ಮೇಜಿನ ಮೊಳೆಗೆ ತಗುಲಿಹಾಕಿದಳು. ಅದನ್ನು ನೋಡಿ ನನಗೂ ಉಗ್ರಪ್ಪನವರಿಗೂ ಒಂದೇ ನೆನಪು ಬಂದಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಶಿವಯೋಗಿಗೆ ಹಿಂದಿನಿಂದ ಏಟು ಬಿದ್ದಾಗ ಅವನು ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದ. ಅದರ ಪಟ್ಟಿಯ ಮೇಲೂ ರಕ್ತವಿತ್ತು. ಆದರೆ ಹೆಣದ ತಲೆಯ ಮೇಲೆ ಹೆಡ್‌ಫೋನ್ ಇರಲಿಲ್ಲ. ಯಾರೋ ಅದನ್ನು ತೆಗೆದು, ಉದ್ದದ ವೈರನ್ನು ಎಂಟರ ಆಕಾರದಲ್ಲಿ ಅಚ್ಚುಕಟ್ಟಾಗಿ ಸುತ್ತಿ, ನಡುವಿಗೆ ಗಂಟು ಬಿಗಿದು, ದಿಂಬಿನ ಪಕ್ಕ ಇಟ್ಟಿದ್ದರು. ಕೊಲೆ ನಡೆದ ರೂಮಿನಲ್ಲಿ ಅಷ್ಟು ಸಮಾಧಾನ ಯಾರಿಗಿತ್ತು? ಈ ಸಂಗತಿಯನ್ನು ಉಗ್ರಪ್ಪನವರು ಪೇಪರಿನವರಿಗೆ ಬಿಟ್ಟುಕೊಟ್ಟಿರಲಿಲ್ಲ. ನನಗೆ ಮಾತ್ರ ಫೋಟೋ ತೋರಿಸಿದ್ದರು. ಫಕೀರೇಶನನ್ನು ಸುತ್ತಿ ಬಳಸಿ ಕೇಳಿದ್ದೆ, ಅವನಿಗೆ ಅದರ ಗಂಧವೇ ಇರಲಿಲ್ಲ.

"ಆಂಟಿ."

ಪ್ರಭಾಳ ದನಿ ಬದಲಾಗಿತ್ತು.

ಎಂಬತ್ತು. ಎಪ್ಪತ್ತೊಂದು. ಮತ್ತೆ ಎಂಬತ್ತು. ಐವತ್ತೆಂಟು. ಪರದೆಯ ಮೇಲಿನ ಓಣಿ ಒಂದು ಸಲ ತಡವರಿಸಿತು. ಬಂದೂಕು ಹಿಡಿದ ಕೈ ಅಲ್ಲೇ ನಿಂತು, ಜಿಗಿದು, ಮತ್ತೆ ನಿಂತಿತು. ಮೂವತ್ತಮೂರು. ಇಪ್ಪತ್ತೊಂಬತ್ತು. ಪಕ್ಕದ ಆರನೇ ನಂಬರು ತನ್ನ ನಲವತ್ತೊಂದರಲ್ಲಿ ಆರಾಮಾಗಿ ಓಡುತ್ತಿತ್ತು.

ಏಳನೇ ನಂಬರು ಕುಂಟುತ್ತಿತ್ತು. ಥೇಟು ಹಳೇ ಏಳನೇ ನಂಬರಿನ ಹಾಗೇ.

ನಾನು ರಾಜೇಂದ್ರನ ಮುಖ ನೋಡಿದೆ. ಅವನ ಬಾಯಿ ತೆರೆದಿತ್ತು, ಹುಬ್ಬು ಮೇಲೇರಿತ್ತು. ಬೆಪ್ಪಾಗಿ ಅಂಕಿಯನ್ನೇ ನೋಡುತ್ತಿದ್ದ. ಆಮೇಲೆ, ಸ್ವಲ್ಪ ತಡವಾಗಿ, ಹಲ್ಲು ಕಾಣಿಸಿದವು.

"ಬಿತ್ತಲ್ಲ ಸಾರ್! ನೋಡಿದ್ರಲ್ಲ? ನನ್ನ ಕಾರ್ಡು ನನ್ನ ಹತ್ರಾನೇ ಇದೆ. ಹಾಗಾದ್ರೆ ಅವನ ಬ್ಯಾಗಲ್ಲಿದ್ದಿದ್ದು ಯಾರದ್ದು? ಆಂಟೀನೇ ಹೇಳ್ಲಿ ಈಗ."

"ಬಿದ್ದಿದ್ದಕ್ಕೆ ನಿನಗ್ಯಾಕೋ ಆಶ್ಚರ್ಯ ಆಯ್ತು?" ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. "ದಿನಾ ಬೀಳೋ ಮಿಷಿನ್ ಬಿದ್ರೆ ಯಾರಾದ್ರೂ ಬಾಯಿ ಬಿಡ್ತಾರಾ? ಸಾರ್, ನೀವು ನೋಡಿದ್ರಿ ತಾನೇ ಇವನ ಮುಖಾನ?"

"ನೋಡ್ದೆ," ಎಂದರು ಉಗ್ರಪ್ಪನವರು ನಿಧಾನಕ್ಕೆ. "ಮುಖ ಸೀಲ್ ಮಾಡಿ ಕೋರ್ಟಿಗೆ ಕಳಿಸೋಕಾಗಲ್ಲ ಶಶಿಕಲಾ ಅವರೇ."

ಪ್ರಭಾ ಆಗಲೇ ನೆಲದ ಮೇಲೆ ಮಂಡಿಯೂರಿದ್ದಳು. ಸೆಕೆಗೆ ಈ ಸೆಂಟರಿನವರು ಕ್ಯಾಬಿನೆಟ್ಟಿನ ಒಂದು ಮಗ್ಗುಲನ್ನು ಬಿಚ್ಚಿಯೇ ಇಡುತ್ತಾರೆ. ಬಿಚ್ಚಿದ ಮಗ್ಗುಲು ಗೋಡೆಯ ಕಡೆಗಿತ್ತು. ಅವಳು ಕರೆಂಟು ಆರಿಸಿ ವೈರುಗಳನ್ನೆಲ್ಲ ಕಿತ್ತಳು. ಹೆಡ್‌ಫೋನ್ ಮೊಳೆಯಿಂದ ಕಳಚಿ ನೆಲಕ್ಕೆ ಬಿತ್ತು. ಡಬ್ಬವನ್ನು ಈಚೆಗೆ ತಿರುಗಿಸಿದಳು. ಉಗ್ರಪ್ಪನವರು ಟಾರ್ಚು ಬಿಟ್ಟರು.

ಕಾರ್ಡಿನ ಪುಟ್ಟ ಫ್ಯಾನು ಬೆಳ್ಳಗಿತ್ತು. ನಡುವಿನ ಗುಂಡಿಯ ಮೇಲೆ ವಿಭೂತಿ ಪದರ ಪದರವಾಗಿ ಒಣಗಿ, ಬಿರುಕು ಬಿಟ್ಟು, ರೆಕ್ಕೆಗಳ ಸಂದಿಗೆ ಇಳಿದಿತ್ತು.

ಮುಗಿಯಿತು. ಫಕೀರೇಶ ಸುಳ್ಳು ಹೇಳಿದ್ದಾನೆ. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಅಷ್ಟು ಮುಗ್ಧನಾಗಿ, ಸುಳ್ಳು ಹೇಳಿದ್ದಾನೆ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಹಿಂದಿನಿಂದ ಗುರವ್ವ ಬಗ್ಗಿ ನೋಡಿದಳು. ನೋಡಿ, ಎಡಗೈಯಿಂದ ಸೆರಗು ಸರಿಮಾಡಿಕೊಂಡು, ಬಲಗೈಯಿಂದ ಫ್ಯಾನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ನಾನ ಹಚ್ಚೀನ್ರಿ ಅಕ್ಕಾರ."

ಉಗ್ರಪ್ಪನವರು ಟಾರ್ಚನ್ನು ಅವಳ ಕಡೆಗೆ ತಿರುಗಿಸಿದರು.

"ನನ್ನ ಮಗಾ ಕುಂದ್ರೂ ಮಿಷಿನ್ ಅಲ್ರಿ ಇದು? ಹಬ್ಬದಾಗ ಅಂವ ಹೆಂಗ ಹಚ್ಚಿದ್ದಾ, ನಾ ನೋಡಿದ್ದೆ. ಅಂವ ಜೇಲಿಗೆ ಹ್ವಾದ ಮ್ಯಾಲ ಇದು ಬೋಳಾಗಿತ್ತು ನೋಡ್ರಿ, ಹಣೀ ಅಳಿಸಿದಂಗ. ನನ್ನ ಜೀವಕ್ಕ ತಡೀಲಿಲ್ಲ. ಸೋಮವಾರಕ್ಕೊಮ್ಮಿ ಕಸಾ ಹೊಡದು, ಹಸೀ ಇಬತ್ತಿ ಹಚ್ಚಿ ಬೇಡಿಕೋತಿದ್ದೆ. ಯಪ್ಪಾ, ನನ್ನ ಕೂಸಿನ ಬಿಡಿಸಿ ತಾ ಅಂತ."

ಬೋಳಾಗಿತ್ತು. ಆ ಮಾತು ಕೇಳಿ ಪ್ರಭಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಫಕೀರೇಶ ಸುಳ್ಳು ಹೇಳಿರಲಿಲ್ಲ. ಏಳನೇ ನಂಬರಿನೊಳಗೆ ವಿಭೂತಿಯಿಲ್ಲದ ಕಾರ್ಡು ಬಂದು ಕೂತಿತ್ತು. ಸತ್ತವನ ಕಾರ್ಡು, ರಾಜೇಂದ್ರನ ಕುತ್ತಿಗೆಗೆ ಉರುಳು. ಅದನ್ನು ಗುರವ್ವ ಸೋಮವಾರ ಸೋಮವಾರ ತನ್ನ ಕೈಯಾರೆ ಹಳೇ ಕಾರ್ಡು ಮಾಡಿಬಿಟ್ಟಿದ್ದಳು. ಮಗನನ್ನು ಬಿಡಿಸು ಎಂದು ಬೇಡುತ್ತಾ ಅವನನ್ನು ಬಿಡಿಸುವ ಒಂದೇ ಸಾಕ್ಷಿಯನ್ನು ಅಳಿಸಿಹಾಕಿದ್ದಳು. ನಾನು ಒಂದೇ ಒಂದು ಮಾತು ಅವಳಿಗೆ ಹೇಳಿದ್ದರೆ ಸಾಕಿತ್ತು.

"ಒರೆಸಿಬಿಡೋಣ ಸಾರ್!" ಪ್ರಭಾ ಎದ್ದು ನಿಂತಳು. "ಕ್ಲೀನ್ ಮಾಡಿ ಮತ್ತೆ ಓಡಿಸೋಣ. ಬೀಳಲ್ಲ, ನೋಡಿ ಬೇಕಾದ್ರೆ."

"ಒರೆಸಿದ್ರೆ ಹಳೇ ಕಾರ್ಡೂ ಬೀಳಲ್ಲ ಕಣಮ್ಮ," ಎಂದರು ಉಗ್ರಪ್ಪನವರು. "ಆಗ ಎರಡೂ ಒಂದೇ. ಯಾವುದು ಯಾರದ್ದು ಅಂತ ಆ ಬ್ರಹ್ಮನೂ ಹೇಳಲ್ಲ."

"ಈಯಮ್ಮ ಹೇಳ್ತಿದ್ದಾರಲ್ಲ, ನಾನೇ ಹಚ್ಚಿದ್ದು ಅಂತ!"

"ಆರೋಪಿಯ ತಾಯಿ. ಸಾಕ್ಷಿ ಕಟಕಟೆಗೆ ಹತ್ತಿಸಿದ ತಕ್ಷಣ ಕೇಳ್ತಾರೆ, ಮಗನ್ನ ಉಳಿಸೋಕೆ ನಿನ್ನೆ ಹಚ್ಚಿದ್ಯೋ ಮೊನ್ನೆ ಹಚ್ಚಿದ್ಯೋ ಅಂತ. ಸಾಕ್ಷ್ಯ ಕೆಡಿಸಿದ್ದಕ್ಕೆ ಇವರ ಮೇಲೂ ಒಂದು ಕೇಸು." ಅವರು ಟೋಪಿ ತೆಗೆದು ತಲೆ ಒರೆಸಿಕೊಂಡರು. "ಇವರು ಸುಳ್ಳು ಹೇಳ್ತಿಲ್ಲ ಅಂತ ನನಗೆ ಗೊತ್ತು ಶಶಿಕಲಾ ಅವರೇ. ನನಗೆ ಗೊತ್ತಿದ್ದು ಏನು ಪ್ರಯೋಜನ?"

"ಅದಕ್ಕೇ ನೋಡಿ, ಅಯ್ಯೋ ಪಾಪ ಅಂತ ಕೆಲಸದಲ್ಲಿ ಇಟ್ಕೊಂಡಿದ್ದಕ್ಕೆ ನನ್ನ ಒಳ್ಳೇ ಕಾರ್ಡು ಹಾಳಾಯ್ತು," ಎಂದ ರಾಜೇಂದ್ರ.

ಕೆನ್ನೆಗೆ ಬಾರಿಸಬೇಕೆಂದು ನನ್ನ ಕೈ ಎದ್ದಿತು. ಉಗ್ರಪ್ಪನವರು ಹಿಡಿದುಕೊಂಡರು.

ಗುರವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ನನ್ನ ಮುಖಕ್ಕೆ ಬಂದು ನಿಂತಳು. "ಅಕ್ಕಾರ, ನಾ ಏನರ ತಪ್ಪ ಮಾಡೀನೇನ್ರಿ?"

ಇಲ್ಲ ಎನ್ನಬೇಕಿತ್ತು. ನಾನು ತಲೆ ತಗ್ಗಿಸಿದೆ, ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು. ಅವಳು ಅಳಲಿಲ್ಲ. ವಿಭೂತಿ ಹತ್ತಿದ ತನ್ನ ಬೆರಳುಗಳನ್ನು ಒಂದು ಸಲ ನೋಡಿಕೊಂಡು ಸೀರೆಗೆ ಒರೆಸಿದಳು.

"ನಾಳೆ ನನ್ನ ಮಗನ ಹೆಸರ ಬರದು ಕಳಸ್ತೀರೇನ್ರಿ ಸಾಹೇಬ್ರ?"

"ಬೇರೆ ದಾರಿ ಇಲ್ಲಮ್ಮ."

"ಅವನ ಹೆಸರ ಹೊಡದು ಹಾಕ್ರಿ. ನನ್ನ ಹೆಸರ ಬರೀರಿ. ಆ ಹುಡುಗನ್ನ ಹೊಡದಾಕಿ ನಾನ. ಅಂಗಡಿ ಮುಚ್ಚಸ್ತೀನಂದಿದ್ದ, ನನ್ನ ಮಗನ ಅನ್ನ ಹೋಗತಿತ್ತು."

ರಾಜೇಂದ್ರ ಗಹಗಹಿಸಿ ನಕ್ಕುಬಿಟ್ಟ. ಉಗ್ರಪ್ಪನವರ ಮುಖದಲ್ಲಿ ಬೇಸರದ ನಗು ಮೂಡಿತು. ಇಂಥ ತಾಯಂದಿರನ್ನು ನಾವಿಬ್ಬರೂ ಠಾಣೆಯಲ್ಲಿ ಎಷ್ಟು ಮಂದಿಯನ್ನು ನೋಡಿಲ್ಲ! ಮಗ ಕದ್ದರೆ ನಾನೇ ಕದ್ದೆ ಎನ್ನುವವರು, ಮಗ ಇರಿದರೆ ಚಾಕು ನನ್ನದು ಎನ್ನುವವರು.

"ಹೋಗಮ್ಮ, ಹೋಗು," ಎಂದರು ಅವರು ಮೃದುವಾಗಿ. "ಮಗ ಅಂದ್ರೆ ಎಲ್ಲರಿಗೂ ಹಾಗೇನೆ. ಮನೆಗೆ ಹೋಗಿ ಒಂದು ತುತ್ತು ಊಟ ಮಾಡು."

"ಖರೇ ಹೇಳಾಕತ್ತೀನ್ರಿ."

"ಗುರವ್ವ, ಸಾಕು," ಎಂದೆ ನಾನು. "ಹಾಗೆಲ್ಲ ಮಾತಾಡಿದ್ರೆ ಅವನಿಗೇ ಕೆಟ್ಟದಾಗುತ್ತೆ. ನಡಿ, ಬಸ್‌ಸ್ಟಾಪಿನ ತನಕ ನಾನು ಬರ್ತೀನಿ."

ಅವಳು ಮತ್ತೆ ವಾದಿಸಲಿಲ್ಲ. ಹೊರಡಲು ತಿರುಗಿದಳು. ದಾರಿಗೆ ಅಡ್ಡಲಾಗಿ ಏಳನೇ ನಂಬರಿನ ಹೆಡ್‌ಫೋನ್ ಬಿದ್ದಿತ್ತು, ಅದರ ವೈರು ಗೋಜಲು ಗೋಜಲಾಗಿತ್ತು. ಕಸ ಗುಡಿಸುವವಳ ಕೈ, ನೆಲದ ಮೇಲೆ ಬಿದ್ದದ್ದನ್ನು ಬಿಟ್ಟು ಹೋಗುತ್ತದೆಯೇ? ಬಗ್ಗಿ ಎತ್ತಿಕೊಂಡಳು. ಅವಳ ಕಣ್ಣು ಎಲ್ಲೋ ಇತ್ತು, ಮನಸ್ಸು ಜೈಲಿನಲ್ಲಿತ್ತು. ಕೈ ಮಾತ್ರ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಹೆಬ್ಬೆರಳಿಗೆ ಒಂದು ಸುತ್ತು, ಕಿರುಬೆರಳಿಗೆ ಒಂದು ಸುತ್ತು, ನಡುವೆ ಅಡ್ಡ ಹಾಯಿಸಿ ಮತ್ತೆ ಹೆಬ್ಬೆರಳಿಗೆ. ಬೆಟಗೇರಿಯಲ್ಲಿ ನೂಲಿನ ಲಡಿ ಸುತ್ತಿದ ಕೈ. ಎಂಟರ ಆಕಾರದಲ್ಲಿ ವೈರನ್ನೆಲ್ಲ ಸುತ್ತಿ ಮುಗಿಸಿ, ಉಳಿದ ತುದಿಯಿಂದ ನಡುವಿಗೆ ಗಂಟು ಬಿಗಿದು, ಕೀಬೋರ್ಡಿನ ಪಕ್ಕ ಜೋಪಾನವಾಗಿ ಇಟ್ಟಳು.

ಫೋಟೋದಲ್ಲಿದ್ದ ಗಂಟು ಅದೇ. ಹಾಗಾದರೆ ರಾಜೇಂದ್ರ ಕಿತ್ತದ್ದು ಕಾರ್ಡು ಮಾತ್ರ; ಅವನು ಆ ರೂಮಿಗೆ ಹೋಗುವ ಮೊದಲೇ ಹುಡುಗ ಸತ್ತುಬಿದ್ದಿದ್ದ.

ಉಗ್ರಪ್ಪನವರೂ ಅದನ್ನೇ ನೋಡುತ್ತಿದ್ದರು. ಟೋಪಿಯನ್ನು ತಲೆಗೆ ಹಾಕಿಕೊಂಡರು. ಹೋಗಿ, ಅರ್ಧ ತೆರೆದಿದ್ದ ಶಟರನ್ನು ಪೂರ್ತಿ ಕೆಳಗೆ ಎಳೆದರು. ತಿರುಗಿ ಬಂದು ಗುರವ್ವನ ಎದುರಿಗೆ ನಿಂತಾಗ ಅವರ ದನಿಯಲ್ಲಿ ಆಗಿನ ಮೃದುತನ ಇರಲಿಲ್ಲ.

"ಅಮ್ಮ, ನಾಗರಬಾವಿ ಯಾವ ದಿಕ್ಕಿಗಿದೆ ಅಂತಾನೇ ಗೊತ್ತಿಲ್ಲ ಅಂದಿದ್ಯಂತೆ. ಆ ಹುಡುಗನ ರೂಮಿಗೆ ಮನೆಯೊಳಗಿಂದ ಹತ್ತಬೇಕಾ, ಹೊರಗಡೆಯಿಂದ ಹತ್ತಬೇಕಾ?"

ಹೇಳಬೇಡ ಗುರವ್ವ, ಗೊತ್ತಿಲ್ಲ ಅನ್ನು ಎಂದು ನನ್ನ ಜೀವವೆಲ್ಲ ಕೂಗುತ್ತಿತ್ತು.

"ಹೊರಗಿಂದ್ರಿ ಸಾಹೇಬ್ರ," ಎಂದಳು ಗುರವ್ವ. "ಕಬ್ಬಿಣದ ಮೆಟ್ಟಲಾ ಅದಾವ. ಚಪ್ಪಲಿ ಸಪ್ಪಳ ಆಗತೈತಂತ ನಾ ಕೆಳಗ ಬಿಟ್ಟ ಹತ್ತಿದ್ದೆ."